ಕೈಗುಣ ಯಾರದು

ನಮ್ಮ ಕಡೆ ಜನ ಡಾಕ್ಟರನ್ನು ಆರಿಸಿಕೊಳ್ಳುವಾಗ ಡಿಗ್ರಿ ಕೇಳುವುದಿಲ್ಲ, ಕೈಗುಣ ಕೇಳುತ್ತಾರೆ. ನಮ್ಮ ಕಡೆ ಅಂದರೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು. ಜ್ವರ ಬಂದರೆ ಊರ ಡಾಕ್ಟರು, ಗಡ್ಡೆ ಬಂದರೆ ಹೈದರಾಬಾದು ಎಂದು ರೂಢಿಯಾದ ಸೀಮೆ. ‘ಅವರ ಕೈಗುಣ ಛಲೋ ಅದರಿ’ ಎಂದು ಸಂತೆಯಲ್ಲಿ ಯಾರೋ ಒಬ್ಬರು ಅಂದರೆ ಸಾಕು, ಎರಡು ಬಸ್ಸು ಬದಲಿಸಿ ಹೋಗಿ ಅವರ ಬಾಗಿಲಲ್ಲಿ ಕೂರುತ್ತಾರೆ. ಅದೇ ಗುಳಿಗೆಯನ್ನು ಎದುರಿನ ದವಾಖಾನೆಯವರು ಬರೆದುಕೊಟ್ಟಾಗ ನಾಟಲಿಲ್ಲ, ಇವರು ಕೊಟ್ಟಾಗ ನಾಟಿತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತಳ್ಳಲಾಗಿಲ್ಲ. ಅದರ ಹಿಂದೆ ಒಂದು ಧರ್ಮವಿಚಾರವೇ ಇದೆ. ಗುಣವಾಗುವುದು ಒಂದು ಜೀವ ಇನ್ನೊಂದು ಜೀವವನ್ನು ಮುಟ್ಟಿದಾಗ; ಮುಟ್ಟಿದ ಕೈ ಯಾರದೋ ಒಳಿತು ಕೆಡುಕಿನ ಲೆಕ್ಕವೂ ಅವರದೇ ಎನ್ನುವುದು ಆ ವಿಚಾರ.

ಈ ಲೆಕ್ಕದಲ್ಲಿ ನಾನು ಎಲ್ಲಿಯೂ ಬರುವುದಿಲ್ಲ. ನಾನು ಪೆಥಾಲಜಿಸ್ಟ್. ರೋಗಿಯ ಮುಖ ನನಗೆ ಗೊತ್ತಿಲ್ಲ, ನನ್ನ ಮುಖ ರೋಗಿಗೆ ಗೊತ್ತಿಲ್ಲ. ನನ್ನ ಮೇಜಿಗೆ ಬರುವುದು ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿದ ಒಂದು ಚೂರು ಮಾಂಸ, ಅದರ ಮೇಲೊಂದು ನಂಬರು. ಅದನ್ನು ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಸೀಳಿ, ನೀಲಿ ಗುಲಾಬಿ ಬಣ್ಣ ಹಾಕಿ ಗಾಜಿನ ಮೇಲೆ ಇಟ್ಟಮೇಲೆ ನನ್ನ ಕೆಲಸ ಶುರು. ನಾನು ಬರೆಯುವ ಎರಡು ಸಾಲಿನ ಮೇಲೆ ಯಾರದೋ ಸ್ತನ ಉಳಿಯುತ್ತದೆ ಅಥವಾ ಹೋಗುತ್ತದೆ. ಹೈದರಾಬಾದಿನಲ್ಲಿ ಈ ಕೆಲಸ ಮಾಡುತ್ತಲೇ ನನ್ನ ತಲೆ ನರೆತಿದೆ. ಈ ವರ್ಷಗಳಲ್ಲಿ ಒಬ್ಬ ರೋಗಿಯೂ ನನಗೆ ಕೈಮುಗಿದಿಲ್ಲ, ಒಬ್ಬರೂ ಶಾಪ ಹಾಕಿಲ್ಲ. ನನ್ನ ತಾಯಿಗಂತೂ ಕೊನೆಯವರೆಗೂ ಅನುಮಾನವಿತ್ತು: ‘ಮಂದಿನ ಮುಟ್ಟಿ ನೋಡಂಗಿಲ್ಲ ಅಂದ್ರ ನೀ ಎಂಥಾ ಡಾಕ್ಟರವ್ವಾ?’

ಈಗ ನಿವೃತ್ತಿಯಾಗಿದೆ. ಕಾಚಿಗುಡದ ಮನೆಯಲ್ಲಿ ವಾರಕ್ಕೊಂದು ಸಂಜೆ ಲ್ಯಾಪ್‌ಟಾಪ್ ಬಿಚ್ಚಿ ಕೂರುತ್ತೇನೆ. ಪರದೆಯ ಮೇಲಿನ ಸಾಲಿನಲ್ಲಿ ಕ್ಯಾನ್ಸರ್ ತಜ್ಞರು: ಕೀಮೋ ಕೊಡುವವರು, ರೇಡಿಯೇಷನ್‌ನವರು, ಸರ್ಜನ್, ಸ್ಕ್ಯಾನ್ ಓದುವವರು. ಕೆಳಗಿನ ಸಾಲುಗಳಲ್ಲಿ ಗಡಿಯ ಈಚೆ ಆಚೆಯ ತಾಲ್ಲೂಕು ಊರುಗಳ ಡಾಕ್ಟರುಗಳು. ಒಬ್ಬರ ಹಿಂದೆ ಗೋಡೆಯ ಕ್ಯಾಲೆಂಡರು ಕಾಣುತ್ತದೆ, ಇನ್ನೊಬ್ಬರ ಹಿಂದೆ ಓಪಿಡಿಯಲ್ಲಿ ಕಾದು ಕುಳಿತವರ ಕೆಮ್ಮು ಕೇಳುತ್ತದೆ. ಸರದಿಯ ಪ್ರಕಾರ ಒಬ್ಬೊಬ್ಬರೂ ತಮ್ಮ ಕೇಸು ಇಡುತ್ತಾರೆ. ರೋಗಿಯ ಹೆಸರು ಹೇಳುವಂತಿಲ್ಲ. ವಯಸ್ಸು, ಗಡ್ಡೆಯ ಅಳತೆ, ಸ್ಕ್ಯಾನ್, ನನ್ನಂಥವರ ವರದಿ ಇಷ್ಟೇ. ಹತ್ತು ಹನ್ನೆರಡು ನಿಮಿಷದಲ್ಲಿ ಮಾತು ಮುಗಿದು ಒಂದು ತೀರ್ಮಾನ ಬರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಟ್ಯೂಮರ್ ಬೋರ್ಡ್ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮುಂದಾಳತ್ವದಲ್ಲಿ 2012ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ಗೆ ಈಗ ದೇಶದಲ್ಲಿ 300ಕ್ಕೂ ಹೆಚ್ಚು ಕೇಂದ್ರಗಳು ಸೇರಿವೆ, ಅದರ ಬೋರ್ಡಂತೂ ಆನ್‌ಲೈನಿನಲ್ಲೇ ಕೂರುತ್ತದೆ. ನಮ್ಮದು ಅದರ ಮುಂದೆ ಪುಟ್ಟ ಕೂಟ, ಹೆಸರೂ ಇಲ್ಲ.

ಈ ಕೂಟದಲ್ಲಿ ಕೂತಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಕೈಗುಣ ಎಂಬುದು ಇರುವುದಾದರೆ ಇಲ್ಲಿ ಅದು ಯಾರದು? ತೀರ್ಮಾನ ಕೊಟ್ಟ ಹನ್ನೊಂದು ಮಂದಿ ರೋಗಿಯ ದೇಹವನ್ನು ಮುಟ್ಟಿಲ್ಲ. ಮುಟ್ಟಿದ ಒಬ್ಬರು ತೀರ್ಮಾನ ಕೊಟ್ಟಿಲ್ಲ. ರೋಗಿ ಬದುಕಿದರೆ ಪುಣ್ಯ ಯಾರ ಖಾತೆಗೆ, ಸತ್ತರೆ ಹೊಣೆ ಯಾರ ತಲೆಗೆ?

ದೂರದ ತಜ್ಞನಿಗೂ ಊರಲ್ಲಿರುವ ಡಾಕ್ಟರಿಗೂ ನಡುವಿನ ಈ ನಂಟು ಇಂಟರ್‌ನೆಟ್ಟಿನಿಂದ ಹುಟ್ಟಿದ್ದಲ್ಲ. ನಾನಿರುವ ಹೈದರಾಬಾದಿನಲ್ಲೇ ಅದರ ದೊಡ್ಡ ಕಥೆಯೊಂದು ನಡೆದುಹೋಗಿದೆ. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಹತ್ತಿರ ಸರ್ ರೊನಾಲ್ಡ್ ರಾಸ್ ಹೆಸರಿನ ಸಂಸ್ಥೆಯ ಕಟ್ಟಡವಿದೆ. 1897ರಲ್ಲಿ ರಾಸ್ ಸಿಕಂದರಾಬಾದಿನ ದಂಡಿನಲ್ಲಿ ಡಾಕ್ಟರಾಗಿದ್ದ. ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಬೀಜ ಹುಡುಕುತ್ತಿದ್ದ ಅವನಿಗೆ ಇಲ್ಲಿ ಮಾತಾಡಲು ಆ ವಿಷಯ ಬಲ್ಲವರೇ ಇರಲಿಲ್ಲ. ಮಾತಾಡಬಹುದಾದ ಒಬ್ಬರು ಲಂಡನ್ನಿನಲ್ಲಿದ್ದರು, ಪ್ಯಾಟ್ರಿಕ್ ಮ್ಯಾನ್ಸನ್. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧವಿರಬೇಕೆಂದು 1894ರಲ್ಲಿ ರಾಸ್‌ನ ತಲೆಗೆ ಹಾಕಿದವರೇ ಅವರು. ಮುಂದೆ ವರ್ಷಗಟ್ಟಲೆ ಕಾಗದಗಳು ಹಡಗಿನಲ್ಲಿ ಹೋದವು, ಬಂದವು. ಇವನು ಕಂಡದ್ದನ್ನು ಬರೆಯುವುದು, ಅವರು ಓದಿ ಹಾಗೆ ನೋಡು, ಹೀಗೆ ನೋಡು ಎಂದು ಬರೆಯುವುದು. ನಾವು ಹತ್ತು ನಿಮಿಷದಲ್ಲಿ ಮಾಡುವುದನ್ನು ಅವರು ತಿಂಗಳುಗಟ್ಟಲೆ ಮಾಡಿದರು.

ಆ ವರ್ಷದ ಆಗಸ್ಟಿನಲ್ಲಿ ಹುಸೇನ್ ಖಾನ್ ಎಂಬ ಜ್ವರದ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಸೊಳ್ಳೆಗಳಿಂದ ಕಚ್ಚಿಸಿದರು. ಸೊಳ್ಳೆಗೆ ಒಂದಾಣೆಯಂತೆ ಕೂಲಿ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳಿದ್ದ ಕೋಶಗಳು ರಾಸ್‌ಗೆ ಕಂಡವು. ಆ ಗಾಜುಗಳು ಲಂಡನ್ನಿಗೆ ಹೋದವು, ಮ್ಯಾನ್ಸನ್ ನೋಡಿ ಹೌದು ಎಂದಮೇಲೆ ಜಗತ್ತು ಕಿವಿಗೊಟ್ಟಿತು. ನನ್ನ ಕಸುಬಿನವರಿಗೆ ಈ ಭಾಗ ಬಲು ಇಷ್ಟ. ಗಾಜು ತಾನೇ ಊರಿಂದೂರಿಗೆ ಹೋಗಿ ಸಾಕ್ಷಿ ನುಡಿದದ್ದು.

ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಜನ ಮರೆತುಬಿಡುತ್ತಾರೆ. ಒಂದು, ದೂರದ ತಜ್ಞನ ಮಾತು ಅರ್ಧ ಮಾತ್ರ ನಿಜವಾಗಿತ್ತು. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತದೆ ಎಂದು ಮ್ಯಾನ್ಸನ್ ನಂಬಿದ್ದರು. ಅದು ತಪ್ಪೆಂದು ಗೊತ್ತಾಗಲು ಸೊಳ್ಳೆಯ ಜೊತೆ ಬೆವರು ಸುರಿಸಿದವನೇ ಬೇಕಾಯಿತು. ಇನ್ನೊಂದು, ಫಲ ಹಂಚಿಕೊಂಡ ರೀತಿ. 1902ರಲ್ಲಿ ನೊಬೆಲ್ ರಾಸ್ ಒಬ್ಬನಿಗೆ ಬಂತು. ಯಾರ ಪಾಲು ಎಷ್ಟು ಎಂಬ ಕಸಿವಿಸಿ ಉಳಿಯಿತು, ಗುರು ಶಿಷ್ಯರ ನಂಟು ಕೆಟ್ಟು ಮುಂದೆ ಮಾನನಷ್ಟದ ದಾವೆಯವರೆಗೆ ಹೋಯಿತು. ಹುಸೇನ್ ಖಾನನಿಗೆ ಸಿಕ್ಕಿದ್ದು ಆಣೆಗಳು. ಇಲ್ಲಿ ಕರ್ತೃ ಯಾರು? ಊಹಿಸಿದವನೋ, ಕಂಡವನೋ, ಕಚ್ಚಿಸಿಕೊಂಡವನೋ?

ಹಳಬರು ಈ ಬಗ್ಗೆ ಯೋಚಿಸಿಲ್ಲವೆಂದಲ್ಲ. ಚರಕ ಸಂಹಿತೆಯ ವಿಮಾನಸ್ಥಾನದ 8ನೇ ಅಧ್ಯಾಯದಲ್ಲಿ ವೈದ್ಯ ವೈದ್ಯನೊಡನೆ ಮಾತಾಡಬೇಕು ಎಂಬ ವಿಧಿಯೇ ಇದೆ. ಒಂದೇ ವಿದ್ಯೆಯವರು ಕೂತು ಮಾತಾಡಿದರೆ ಸಂಶಯ ಕಳೆಯುತ್ತದೆ, ಕೇಳದೆ ಉಳಿದದ್ದು ಕಿವಿಗೆ ಬೀಳುತ್ತದೆ ಎಂದು ಹೇಳಿ, ಚರಕ ಅಲ್ಲಿಯೇ ಒಂದು ಕುಹಕದ ಮಾತನ್ನೂ ಸೇರಿಸುತ್ತಾನೆ. ಗುರು ವರ್ಷಗಟ್ಟಲೆ ಸೇವೆ ಮಾಡಿಸಿಕೊಂಡು ತೊಟ್ಟು ತೊಟ್ಟಾಗಿ ಕೊಡುವ ಗುಟ್ಟನ್ನು ವಾದದಲ್ಲಿ ಗೆಲ್ಲುವ ಹುರುಪಿಗೆ ಒಮ್ಮೆಲೇ ಬಾಯಿಬಿಡುತ್ತಾನಂತೆ. ನಮ್ಮ ಬೋರ್ಡಿನಲ್ಲಿ ಇದನ್ನು ಪ್ರತಿವಾರ ನೋಡುತ್ತೇನೆ. ಇಬ್ಬರು ದೊಡ್ಡವರು ಒಂದು ಡೋಸಿನ ಬಗ್ಗೆ ಜಿದ್ದಿಗೆ ಬಿದ್ದರೆಂದರೆ ಕೆಳಗಿನ ಸಾಲಿನ ಹುಡುಗರು ಪೆನ್ನು ಹಿಡಿಯುತ್ತಾರೆ. ಚರಕ ಈ ಮಾತುಕತೆಯನ್ನು ಎರಡು ಬಗೆ ಮಾಡುತ್ತಾನೆ, ಸ್ನೇಹದ್ದು ಮತ್ತು ಜಗಳದ್ದು. ಸ್ನೇಹದ್ದರಲ್ಲಿ ಎದುರಿಗಿರುವವನು ಸಿಟ್ಟುಗಾರನಾಗಿರಬಾರದು, ಹೊಟ್ಟೆಕಿಚ್ಚಿನವನಾಗಿರಬಾರದು. ಅವನ ಮುಂದೆ ಸೋಲಲು ಅಂಜಬೇಕಿಲ್ಲ, ಗೆದ್ದರೆ ಹಿಗ್ಗಬೇಕಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಈ ನಿಯಮವನ್ನು ಅಚ್ಚು ಹಾಕಿಸಿ ಪ್ರತಿ ಮೀಟಿಂಗಿನ ಮೊದಲು ಪರದೆಯ ಮೇಲೆ ತೋರಿಸಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅದೇ ಚರಕ ಚಿಕಿತ್ಸೆಗೆ ನಾಲ್ಕು ಕಾಲು ಎನ್ನುತ್ತಾನೆ: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ರೋಗಿಗೆ ಇರಬೇಕಾದ ಗುಣಗಳಲ್ಲಿ ಒಂದು, ತನ್ನ ರೋಗವನ್ನು ತಾನು ಹೇಳಬಲ್ಲವನಾಗಿರುವುದು. ನಮ್ಮ ಪರದೆಯ ಮೇಲೆ ಆ ನಾಲ್ಕನೇ ಕಾಲು ಇರುವುದಿಲ್ಲ. ರೋಗಿಯ ಪರವಾಗಿ ಮಾತಾಡುವವರು ಆ ಊರ ಡಾಕ್ಟರೇ.

ಒಂದು ಕೇಸು ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿ. ಗಡಿಯ ತಾಲ್ಲೂಕಿನ ಒಬ್ಬ ಸರ್ಜನ್ ಆವತ್ತು ತಮ್ಮ ಊರಿನ ಸಣ್ಣ ಲ್ಯಾಬಿನಲ್ಲಿ ಕೂತಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗ, ಕುತ್ತಿಗೆಯಲ್ಲಿ ಗಂಟು, ರಾತ್ರಿ ಬೆವರು, ತೂಕ ಇಳಿದಿದೆ. ಸೂಜಿ ಹಾಕಿ ನೋಡಿದಾಗ ಟಿ.ಬಿ. ಗುರುತು ಕಂಡು ಗುಳಿಗೆ ಶುರುಮಾಡಿದ್ದರು. ‘ಆರು ತಿಂಗಳ ಗುಳಿಗಿ ಮುಗಿಸ್ಯಾನ್ರಿ ಮೇಡಂ. ಗಂಟು ಕರಗವಲ್ದು. ಪೂರಾ ಗಂಟೇ ತಗದು ಸ್ಲೈಡ್ ಮಾಡಿಸೀನಿ, ಇದರಾಗೂ ಟಿ.ಬಿ. ಅಂತಾನೇ ವರದಿ ಬಂದದ. ಆದರ ನನ್ನ ಮನಸು ಒಪ್ಪವಲ್ದು.’ ಮೈಕ್ರೋಸ್ಕೋಪಿನ ಕಣ್ಣಿಗೆ ಮೊಬೈಲು ಹಿಡಿದು ತೋರಿಸತೊಡಗಿದರು. ಚಿತ್ರ ನಡುಗುತ್ತಿತ್ತು, ಒಮ್ಮೆ ಬೆಳಕು, ಒಮ್ಮೆ ಕತ್ತಲೆ. ‘ಎಡಕ್ಕ ಸರಸ್ರಿ. ಇನ್ನಾ ಸ್ವಲ್ಪ. ಅಂಚಿಗೆ ಬರ್ರಿ. ಹಾಂ, ಅಲ್ಲೇ ನಿಂದರಸ್ರಿ.’ ಟಿ.ಬಿ.ಯಲ್ಲಿ ಕಾಣುವಂಥ ಗ್ರಾನುಲೋಮಾಗಳ ಗುಂಪು ಇತ್ತು, ವರದಿ ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ ಎರಡು ಗುಂಪುಗಳ ಸಂದಿಯಲ್ಲಿ ಒಂದು ಭಾರಿ ಕೋಶ, ಅದರೊಳಗೆ ಜೋಡಿ ನ್ಯೂಕ್ಲಿಯಸ್, ಒಂದೊಂದರ ನಡುವೆಯೂ ಕೆಂಪು ಬೊಟ್ಟು. ಪುಸ್ತಕಗಳು ಅದನ್ನು ಗೂಬೆಯ ಕಣ್ಣು ಎನ್ನುತ್ತವೆ. ಹಾಜ್‌ಕಿನ್ ಲಿಂಫೋಮಾದ ಗುರುತು. ಆ ಕ್ಯಾನ್ಸರಿನಲ್ಲೂ ಗ್ರಾನುಲೋಮಾಗಳು ಏಳುತ್ತವೆ, ಹಾಗಾಗಿ ನಮ್ಮ ದೇಶದಲ್ಲಿ ಅದು ಟಿ.ಬಿ.ಯ ವೇಷದಲ್ಲಿ ಓಡಾಡಿಕೊಂಡಿರುವುದುಂಟು.

ಮೊಬೈಲಿನಲ್ಲಿ ಕಂಡ ಒಂದು ಕೋಶದ ಮೇಲೆ ಯಾರೂ ಕೀಮೋ ಬರೆಯುವುದಿಲ್ಲ. ಮೇಣದ ಬ್ಲಾಕು ಬಸ್ಸಿನ ಪಾರ್ಸೆಲಿನಲ್ಲಿ ಹೈದರಾಬಾದಿಗೆ ಬಂತು. ಸಿಡಿ 15, ಸಿಡಿ 30 ಎಂಬ ವಿಶೇಷ ಬಣ್ಣಗಳನ್ನು ಹಾಕಿದಾಗ ಆ ಭಾರಿ ಕೋಶಗಳು ಕಂದು ಬಣ್ಣಕ್ಕೆ ತಿರುಗಿದವು. ಎಬಿವಿಡಿ ಎನ್ನುವ ನಾಲ್ಕು ಔಷಧಗಳ ಕೀಮೋ ಶುರುವಾಯಿತು. ಅದರಲ್ಲಿರುವ ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಕೆಡಿಸಬಲ್ಲದು, ಒಣಕೆಮ್ಮು ಬಂದರೆ ನಿರ್ಲಕ್ಷಿಸಬೇಡಿ ಎಂದು ಬೋರ್ಡಿನ ಆಂಕಾಲಜಿಸ್ಟ್ ಆ ಸರ್ಜನ್ನರಿಗೆ ಎರಡೆರಡು ಸಲ ಹೇಳಿದರು. ಹುಡುಗ ಚೇತರಿಸಿಕೊಂಡ. ಅವನ ತಾಯಿ ಸರ್ಜನ್ನರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳಂತೆ. ‘ನನಗ ಭಾಳ ಸಂಕೋಚ ಆಯಿತ್ರಿ ಮೇಡಂ. ಗಂಟು ಕೊಯ್ದದ್ದಷ್ಟೇ ನಾನು’ ಎಂದರು ಅವರು. ನನಗೆ ಆ ತಾಯಿಯೇ ಸರಿ ಅನಿಸುತ್ತದೆ. ನಾವೆಲ್ಲ ಕೇಳಿದ್ದಕ್ಕೆ ಉತ್ತರ ಕೊಟ್ಟೆವು. ಅಚ್ಚಾದ ವರದಿ ಕೈಯಲ್ಲಿದ್ದರೂ ಆ ಕುತ್ತಿಗೆಯನ್ನು ತಿಂಗಳು ತಿಂಗಳು ಸವರಿ ನೋಡಿದ ಬೆರಳಿಗೆ ಸಂಶಯ ಹುಟ್ಟಿತಲ್ಲ, ಕೈಗುಣ ಎನ್ನುವುದು ಇದ್ದರೆ ಅದೇ.

ಹಾಗಾದರೆ ಪುಣ್ಯ ಊರ ಡಾಕ್ಟರಿಗೆ ಎಂದು ಲೆಕ್ಕ ಮುಗಿಸಬಹುದಿತ್ತು. ಕಾನೂನು ಕೂಡ ಹೊಣೆಯ ಬಗ್ಗೆ ಹಾಗೆಯೇ ಹೇಳುತ್ತದೆ. 2020ರ ಮಾರ್ಚ್ 25ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಒಬ್ಬ ಡಾಕ್ಟರು ಇನ್ನೊಬ್ಬರ ಸಲಹೆಯನ್ನು ದೂರದಿಂದ ಕೇಳಿದರೆ, ಕೇಳಿದವರೇ ಚಿಕಿತ್ಸೆ ಕೊಡುವ ಡಾಕ್ಟರಾಗಿ ಉಳಿಯುತ್ತಾರೆ, ಚಿಕಿತ್ಸೆಯ ಹೊಣೆ ಅವರದೇ ಎಂದು ಅದರಲ್ಲಿದೆ. ಆಡಳಿತಕ್ಕೆ ಅದು ಅನುಕೂಲ. ಕೋರ್ಟಿಗೆ ಕರೆಯಲು ಒಂದು ಹೆಸರು ಬೇಕಲ್ಲ. ಆದರೆ ಕಾನೂನಿಗೆ ಸಾಕಾದದ್ದು ಧರ್ಮಕ್ಕೆ ಸಾಕೇ?

ನಮ್ಮ ಕೂಟದಲ್ಲಿ ಸ್ಕ್ಯಾನ್ ಓದುವ ಹಿರಿಯರೊಬ್ಬರ ಅಜ್ಜ ಹಕೀಮರು. ಚಾರ್ಮಿನಾರಿನ ಪಕ್ಕದ ನಿಜಾಮಿಯಾ ಯುನಾನಿ ಆಸ್ಪತ್ರೆಯ ಓಣಿಗಳಲ್ಲಿ ಬೆಳೆದವರು. ಹಕೀಮರು ಚೀಟಿ ಬರೆಯುವ ಮೊದಲು ಮೇಲ್ಗಡೆ ‘ಹುವಶ್ಶಾಫಿ’ ಎಂದು ಬರೆಯುವ ವಾಡಿಕೆ, ಗುಣಪಡಿಸುವವನು ಅವನು ಎಂದು. ಒಮ್ಮೆ ನಾನು ಆ ಹಿರಿಯರನ್ನು ಕೆಣಕಿದೆ: ಗುಣವಾಗುವುದೆಲ್ಲ ಅವನದಾದರೆ ಸತ್ತವರ ಲೆಕ್ಕವೂ ಅವನದೇ ತಾನೆ, ನಿಮಗೆ ಆರಾಮ. ಅವರು ನಗಲಿಲ್ಲ. ‘ನಹೀ ಮೇಡಂ. ಶಿಫಾ ಉಸ್ಕೀ, ಗಲತೀ ಅಪ್ನೀ’ ಎಂದರು. ವಾಸಿಯಾದದ್ದು ಅವನದು, ತಪ್ಪಿದ್ದು ನಮ್ಮದು. ಇಷ್ಟು ಕಠಿಣವಾದ ಭಕ್ತಿ ನನ್ನಲ್ಲಿಲ್ಲ. ಆದರೆ ಹೆಸರು ಬಿಟ್ಟುಕೊಟ್ಟು ಹೊಣೆ ಇಟ್ಟುಕೊಳ್ಳುವ ಈ ಲೆಕ್ಕ ನಾವು ಸಾಮಾನ್ಯವಾಗಿ ನಡೆಸುವ ಲೆಕ್ಕಕ್ಕೆ ತದ್ವಿರುದ್ಧ ಎನ್ನುವುದು ಆವತ್ತಿನಿಂದ ತಲೆಯಲ್ಲಿ ಕೂತಿದೆ.

ಗೀತೆಯ 18ನೇ ಅಧ್ಯಾಯ ಬೇರೆ ದಾರಿ ಹಿಡಿಯುತ್ತದೆ. ಯಾವ ಕೆಲಸ ನಡೆಯಲಿಕ್ಕೂ ಐದು ಕಾರಣಗಳು ಸೇರಬೇಕು: ಕೆಲಸಕ್ಕೆ ನೆಲೆಯಾದ ದೇಹ, ಮಾಡುವವನು, ಸಾಧನಗಳು, ಬೇರೆ ಬೇರೆ ಬಗೆಯ ಪ್ರಯತ್ನ, ಐದನೆಯದು ದೈವ. ಹೀಗಿರುವಾಗ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನಿಗೆ ಕಣ್ಣಿಲ್ಲ ಎಂದು ಅದರ ಅಭಿಪ್ರಾಯ. ನಮ್ಮ ಬೋರ್ಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ದೇಹ ತಾಲ್ಲೂಕಿನಲ್ಲಿದೆ, ಮೈಕ್ರೋಸ್ಕೋಪು ಒಂದೂರಿನಲ್ಲಿ, ರೇಡಿಯೇಷನ್ ಯಂತ್ರ ಇನ್ನೊಂದೂರಿನಲ್ಲಿ, ಪ್ರಯತ್ನ ಹತ್ತು ಕಡೆ ಚದುರಿದೆ. ಅಹಂಕಾರ ಇಳಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಇದೇ ಪಾಠ ನುಣುಚಿಕೊಳ್ಳಲೂ ಒದಗುತ್ತದೆ, ಅದನ್ನೂ ಕಂಡಿದ್ದೇನೆ. ಕೆಟ್ಟದ್ದಾದಾಗ ಐದನೆಯ ಕಾರಣವನ್ನು ಮೊದಲು ನೆನೆಯುವುದು ನಮ್ಮ ಚಾಳಿ.

ಸೇಡಂ ಕಡೆಯ ಹೆಣ್ಣುಮಗಳೊಬ್ಬಳ ಕೇಸು. ವಯಸ್ಸು ಐವತ್ತರ ಹತ್ತಿರ, ಗರ್ಭಕೊರಳಿನ ಕ್ಯಾನ್ಸರು, ಪಕ್ಕದ ಗೋಡೆಯವರೆಗೆ ಹಬ್ಬಿತ್ತು. ಬೋರ್ಡಿನಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ. ಹೊರಗಿನಿಂದ 25 ಸಲ ರೇಡಿಯೇಷನ್, ಅಂದರೆ ಐದು ವಾರ, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್, ಕೊನೆಗೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು, ನಡುವೆ ಬಿಟ್ಟರೆ ಗಡ್ಡೆ ಮತ್ತೆ ತಲೆಯೆತ್ತುತ್ತದೆ. ಜಗತ್ತಿನ ಯಾವ ಪುಸ್ತಕ ತೆರೆದರೂ ಇದೇ ಇದೆ. ಕೇಸು ಇಟ್ಟ ಸ್ತ್ರೀರೋಗ ತಜ್ಞೆ ಒಂದು ಮಾತು ಕೇಳಿದರು: ‘ಐದು ವಾರ ಆಕಿ ಹೈದರಾಬಾದಿನ್ಯಾಗ ಎಲ್ಲಿ ಇರಬೇಕ್ರಿ?’ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮೀಟಿಂಗ್ ನಡೆಸುವವರು ‘ಸೋಷಿಯಲ್ ವರ್ಕರ್ ನೋಡಿಕೊಳ್ತಾರೆ’ ಎಂದು ಮುಂದಿನ ಕೇಸಿಗೆ ಹೋದರು.

ಆಕೆ ಬಂದಳು. ಗಡಿ ದಾಟಿದರೆ ಕಾರ್ಡು ಬೇರೆ, ಕಾಗದ ಬೇರೆ. ಅದನ್ನೆಲ್ಲ ದಾಟಿ ಚಿಕಿತ್ಸೆ ಶುರುವಾಯಿತು. ಸೊಸೆಯ ಹೆರಿಗೆ ಬಂತೆಂದು ನಡುವೆ ಊರಿಗೆ ಹೋದವಳು ಮರಳಿ ಬರುವ ಹೊತ್ತಿಗೆ ಎಂಟು ವಾರದ ಲೆಕ್ಕ ಕೈಬಿಟ್ಟು ಹೋಗಿತ್ತು. ಉಳಿಯಲಿಲ್ಲ. ಇದು ನನಗೆ ಗೊತ್ತಾದದ್ದು ಬೋರ್ಡಿನಿಂದಲ್ಲ. ಆ ಡಾಕ್ಟರು ಮೀಟಿಂಗಿಗೆ ಬರುವುದನ್ನೇ ಬಿಟ್ಟಿದ್ದರು, ಯಾಕೆಂದು ಕೇಳಲು ಫೋನ್ ಮಾಡಿದಾಗ. ‘ಬೋರ್ಡ್ ಹೇಳಿದ್ದು ಖರೇ ಇತ್ರಿ ಮೇಡಂ. ನಡಸಲಿಕ್ಕೆ ನನಗಾಗಲಿಲ್ಲ. ಯಾವ ಮುಖ ಇಟಗೊಂಡು ಮತ್ತ ಬರಲಿ?’

ಆ ಮಾತು ಕೇಳಿದಮೇಲೆ ನನಗೆ ಖಚಿತವಾದದ್ದು ಇಷ್ಟು. ನಾವು ಹನ್ನೆರಡು ಮಂದಿ ಸೇರಿ ಒಂದು ತೀರ್ಮಾನ ಮಾಡಿದೆವು. ಅದು ಗೆದ್ದಿದ್ದರೆ ಎಲ್ಲರೂ ಪಾಲು ಕೇಳುತ್ತಿದ್ದೆವು, ಯಾರಾದರೂ ಒಬ್ಬರು ಪ್ರಬಂಧವನ್ನೂ ಬರೆಯುತ್ತಿದ್ದರು. ಸೋತಾಗ ಆ ಡಾಕ್ಟರು ಒಬ್ಬರೇ ಹೊತ್ತರು, ನಾಚಿಕೆಪಟ್ಟು ಪರದೆಯಿಂದ ಮರೆಯಾದರು, ಬೋರ್ಡಿಗೆ ಅವರ ಜಾಗ ಖಾಲಿಯಾದದ್ದೂ ತಿಳಿಯಲಿಲ್ಲ. ಹಂಚಿದರೆ ಕಡಿಮೆಯಾಗುವುದು ಹೊಗಳಿಕೆ. ಹೊಣೆ ಹಾಗಲ್ಲ, ತೀರ್ಮಾನಕ್ಕೆ ತಲೆದೂಗಿದ ಪ್ರತಿಯೊಬ್ಬರ ಮೇಲೂ ಅದು ಇಡಿಯಾಗಿಯೇ ಬೀಳುತ್ತದೆ. ಹನ್ನೆರಡರಲ್ಲಿ ಒಂದು ಪಾಲು ಸಾವು ಎಂಬುದು ಇಲ್ಲ. ಮುಟ್ಟಲಿಲ್ಲ, ನೋಡಲಿಲ್ಲ ಎನ್ನುವುದು ಕಾನೂನಿಗೆ ಸಬೂಬಾದೀತು. ನನ್ನಂಥ ಪೆಥಾಲಜಿಸ್ಟರು ಜನ್ಮವೆಲ್ಲ ಮುಟ್ಟದೆ, ನೋಡದೆಯೇ ತೀರ್ಪು ಬರೆದವರು. ಆ ಸಬೂಬಿಗೆ ಬೆಲೆಯಿದ್ದರೆ ನಾವು ಯಾವತ್ತೋ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದೆವು.

ಕಲಬುರಗಿಯ ಗೆಳತಿಯೊಬ್ಬಳು ಈ ಆನ್‌ಲೈನ್ ಬೋರ್ಡುಗಳನ್ನು ಅನುಭವ ಮಂಟಪಕ್ಕೆ ಹೋಲಿಸಿ ಭಾಷಣ ಮಾಡಿದಳು. ಬಸವಕಲ್ಯಾಣ ಹತ್ತಿರವೇ ಇರುವುದರಿಂದ ನಮ್ಮ ಭಾಗದಲ್ಲಿ ನಾಲ್ಕು ಜನ ಕೂತು ಮಾತಾಡಿದ್ದಕ್ಕೆಲ್ಲ ಆ ಹೆಸರು ಕೊಡುವುದು ರೂಢಿ. ನಾನು ಒಪ್ಪಲಿಲ್ಲ. ಅಲ್ಲಿ ಮಡಿವಾಳನೂ ಅಂಬಿಗನೂ ತನ್ನ ಅನುಭವವನ್ನು ತಾನೇ ನುಡಿದ ಎಂದು ನಾವು ಕೇಳಿದ್ದೇವೆ. ಇಲ್ಲಿ ನುಡಿಯುವವರು ನಾವು, ಅನುಭವಿಸುವವಳು ಸೇಡಂನಲ್ಲಿ. ಅವಳ ಹೊಲ, ಎಮ್ಮೆ, ಸೊಸೆಯ ಹೆರಿಗೆ ಇವು ಗಡ್ಡೆಯ ಅಳತೆಯಷ್ಟೇ ಮುಖ್ಯವಾದ ಮಾಹಿತಿ ಎಂದು ಬೋರ್ಡು ಒಪ್ಪಿದ ದಿನ ಗೆಳತಿಯ ಮಾತನ್ನು ಮತ್ತೆ ಯೋಚಿಸೋಣ.

ಇದು ಆಗದ ಮಾತೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಎಂಬ ಭಾರತೀಯ ಮೂಲದ ಲಿವರ್ ತಜ್ಞರು 2003ರಲ್ಲಿ ಎಕೋ ಎನ್ನುವ ಪದ್ಧತಿ ಶುರುಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ಎಂಟು ತಿಂಗಳು ಕಾಯಬೇಕಿತ್ತು. ತಡವಾಗಿ ಬಂದ ಒಬ್ಬ ತಾಯಿ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡದ್ದು ಅವರನ್ನು ಕಲಕಿತು. ರೋಗಿಗಳನ್ನು ಕರೆಸುವ ಬದಲು ಹಳ್ಳಿಯ ಡಾಕ್ಟರುಗಳನ್ನೂ ಜೈಲಿನ ಡಾಕ್ಟರುಗಳನ್ನೂ ವಾರವಾರ ವಿಡಿಯೋದಲ್ಲಿ ಕೂರಿಸಿ ಅವರ ಕೇಸುಗಳನ್ನೇ ಪಾಠ ಮಾಡಿದರು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. 407 ರೋಗಿಗಳಲ್ಲಿ, ವಿಶ್ವವಿದ್ಯಾಲಯದ ತಜ್ಞರ ಕೈಯಲ್ಲಿ ವಾಸಿಯಾದವರು ಶೇ. 57.5, ಹಳ್ಳಿ ಮತ್ತು ಜೈಲಿನ ಡಾಕ್ಟರುಗಳ ಕೈಯಲ್ಲಿ ಶೇ. 58.2. ಕೈಗುಣವನ್ನು ನಂಬುವವಳಿಗೆ ಈ ಅಂಕಿ ಬಲು ಖುಷಿ ಕೊಡುತ್ತದೆ. ಅಲ್ಲಿ ಅದೇ ಡಾಕ್ಟರು ಅದೇ ರೋಗಿಯನ್ನು ಹಿಡಿದುಕೊಂಡು ಮತ್ತೆ ಮತ್ತೆ ಬಂದರು, ತಜ್ಞರು ಮತ್ತೆ ಮತ್ತೆ ಕೇಳಿದರು. ನಮ್ಮ ರೆಡ್‌ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ 1955ರಿಂದ ಬಡವರ ಆಸರೆ. ಅಲ್ಲಿನ ಉಪಶಮನ ಚಿಕಿತ್ಸೆಯ ತಂಡದವರು ಇದೇ ಎಕೋ ಪದ್ಧತಿಯಲ್ಲಿ, ವಾಸಿಯಾಗದ ಕಾಯಿಲೆಯ ಮಕ್ಕಳ ನೋವನ್ನು ಹೇಗೆ ನೋಡಿಕೊಳ್ಳಬೇಕೆಂದು ದಕ್ಷಿಣ ಏಷ್ಯಾದ ಡಾಕ್ಟರು, ನರ್ಸುಗಳಿಗೆ ಹೈದರಾಬಾದಿನಿಂದ ಕಲಿಸಿದ್ದಾರೆ. ಗುಣವಾಗುವುದಿಲ್ಲ ಎಂದು ಮೊದಲೇ ಗೊತ್ತಿರುವ ಕಡೆ ಯಾರೂ ಗೆಲುವಿನ ಪಾಲು ಕೇಳುವಂತಿಲ್ಲ, ಹಾಗಾಗಿ ಅಲ್ಲಿಯ ಮಾತು ಬೇರೆ ತೂಕದ್ದಾಗಿರುತ್ತದೆ.

ಆ ಸ್ತ್ರೀರೋಗ ತಜ್ಞೆಯನ್ನು ಮತ್ತೆ ಕರೆತರಲು ಕಷ್ಟವಾಯಿತು. ಬಂದರು. ಅವರು ಬರುವ ಮೊದಲು ನಾನು ಮೀಟಿಂಗ್ ನಡೆಸುವವರ ಹತ್ತಿರ ಜಗಳವಾಡಿ ಒಂದು ಬದಲಾವಣೆ ಮಾಡಿಸಿದ್ದೆ. ಹೊಸ ಕೇಸಿಗೆ ಕೈಹಾಕುವ ಮೊದಲು ಹಳೆಯ ಕೇಸು ಏನಾಯಿತು ಎಂದು ಕೇಳಬೇಕು. ಸತ್ತಿದ್ದರೆ ಆವತ್ತು ಸಲಹೆ ಕೊಟ್ಟವರು ಮೊದಲು ಮಾತಾಡಬೇಕು, ಕೇಸು ಇಟ್ಟವರು ಆಮೇಲೆ. ಸಮಯ ಹಾಳು ಎಂದವರಿದ್ದಾರೆ. ಒಂದು ಹೊಸ ಕೇಸು ಕಡಿಮೆಯಾಗುವುದು ನಿಜ.

ಹೈದರಾಬಾದು, ಬೆಂಗಳೂರು, ಮುಂಬೈಗಳಲ್ಲಿ ಕೂತು ಇಂಥ ಬೋರ್ಡುಗಳಲ್ಲಿ ಮಾತಾಡುವ ತಜ್ಞರಲ್ಲಿ ನನ್ನ ಕೋರಿಕೆ ಇಷ್ಟೇ. ನೀವು ಸಲಹೆ ಕೊಟ್ಟ ರೋಗಿಯ ನಂಬರು ಬರೆದಿಟ್ಟುಕೊಳ್ಳಿ, ಮೂರು ತಿಂಗಳಿಗೊಮ್ಮೆ ಆ ಊರ ಡಾಕ್ಟರಿಗೆ ನೀವೇ ಫೋನ್ ಮಾಡಿ. ಬೀದರ, ಕಲಬುರಗಿ, ರಾಯಚೂರಿನ ಡಾಕ್ಟರುಗಳಲ್ಲಿ ಇನ್ನೊಂದು ಕೋರಿಕೆ. ಸೋತ ಕೇಸನ್ನೂ ತನ್ನಿ, ಸ್ಲೈಡು ಮಸುಕಾಗಿದ್ದರೂ ತನ್ನಿ. ಆಕೆ ಎಲ್ಲಿ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂದಿನ ಕೇಸಿಗೆ ಹೋಗಲು ಬಿಡಬೇಡಿ.